ಬೇಸಿಗೆಯಲ್ಲಿ ಅಲ್ಲಾಡುವ ಬೆಂಚು

ಕಾಲೇಜಿನ ಸ್ಟೋರಿಗೆ ಕೆಲಸಕ್ಕೆ ಬಂದವರು ಮೊದಲು ಕಲಿಯುವ ಮಾತು ‘ಕಂಡಮ್’. ಅದರ ಸರಿಯಾದ ಇಂಗ್ಲಿಷ್ ರೂಪ ‘ಕಂಡೆಮ್ಡ್’ ಎಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಕೆಲಸಕ್ಕೆ ಬಾರದ್ದು, ಲೆಕ್ಕದಿಂದ ತೆಗೆದು ಗುಜರಿಗೆ ಹಾಕಬೇಕಾದ್ದು ಎಂದು ಅರ್ಥ. ಫ್ಯಾನು ಕಂಡಮ್, ಕುರ್ಚಿ ಕಂಡಮ್, ಬೀರು ಕಂಡಮ್. ಸೊಂಟ ಹಿಡಿದು ರಜೆ ಹಾಕಿದ ಜವಾನನನ್ನೂ ‘ಅವನೂ ಕಂಡಮ್ ಆದ’ ಎಂದು ನಗುತ್ತಿದ್ದೆವು. ಈ ಮಾತನ್ನು ಒಮ್ಮೆ ನಾನು ಆಡಬಾರದ ಕಡೆ ಆಡಿದೆ. ಸ್ಟೋರಿಗೆ ಹೊಸದಾಗಿ ಬರುವವರಿಗೆ ಉಪಯೋಗವಾಗುವಂತೆ ನಿಮ್ಮ ಅನುಭವ ಬರೆದುಕೊಡಿ ಎಂದು ಪ್ರಿನ್ಸಿಪಾಲ್ ಮೇಡಂ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದೇ. ಅದೊಂದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಸುಳ್ಳು ಬರೆದಂತಾಗುತ್ತದೆ.

ನಾನು ಓದಿದ್ದು ಒಂಬತ್ತನೇ ತರಗತಿಯವರೆಗೆ. ದೊಡ್ಡಬಳ್ಳಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಎಲ್ಲರಂತೆ ನಮಗೂ ರಾಗಿ ಹೊಲ ಇತ್ತು. ನನ್ನ ಅಣ್ಣ ಮುನಿರಾಜು ಮಾತ್ರ ಹೊಲಕ್ಕಿಂತ ಹೆಚ್ಚಾಗಿ ಪೇಟೆಯ ಒಬ್ಬ ಆಚಾರಿಯ ಬಡಗಿ ಅಂಗಡಿಯಲ್ಲೇ ಬೆಳೆದ. ಕಾಲೇಜು ಶುರುವಾದಾಗ ಬೆಂಚುಗಳ ಕೆಲಸ ಆ ಆಚಾರಿಗೆ ಸಿಕ್ಕಿತು. ಅಣ್ಣ ಕಾಲೇಜಿನ ಅಂಗಳದಲ್ಲೇ ಕೂತು ಹೊನ್ನೆ ಮರ, ಮತ್ತಿ ಮರ ಕೊಯ್ದು ಬೆಂಚು ಮಾಡಿದ. ಆಗಿನ ಪ್ರಿನ್ಸಿಪಾಲರು ದಿನಾ ಬಂದು ನಿಂತು ನೋಡುತ್ತಿದ್ದರಂತೆ. ಕೆಲಸ ಮುಗಿದ ದಿನ ಅಣ್ಣ ಅವರನ್ನು ಕೇಳಿದ್ದು ತನಗಾಗಿ ಅಲ್ಲ.

“ಸಾರ್, ನಮ್ ತಮ್ಮ ಒಬ್ನವ್ನೆ. ಓದು ಹತ್ಲಿಲ್ಲ. ಆದ್ರೆ ಕಳ್ಳ ಅಲ್ಲ. ಏನಾದ್ರೂ ಕೆಲ್ಸ ಇದ್ರೆ ಕೊಡಿ.”

ಹೀಗೆ ನಾನು ಸ್ಟೋರಿಗೆ ಅಟೆಂಡರ್ ಆಗಿ ಸೇರಿ, ಮುಂದೆ ಸ್ಟೋರ್‌ಕೀಪರ್ ಆದೆ. ನನ್ನ ಇಡೀ ನೌಕರಿ ಆ ಬೆಂಚುಗಳ ಮೇಲೆ ಕೂತಿತ್ತು ಎಂದರೆ ಅತಿಶಯವಲ್ಲ.

ಮೊದಲ ಪಾಠ ಸೀಮೆಸುಣ್ಣದ್ದು. ಮೂರು ಅಂಗಡಿಗಳಿಂದ ಕೊಟೇಶನ್ ತರಬೇಕು, ಕಡಿಮೆ ದರದವನಿಗೆ ಆರ್ಡರ್ ಕೊಡಬೇಕು. ನಾನು ಪೇಟೆಯೆಲ್ಲ ಸುತ್ತಿ ಎಲ್ಲರಿಗಿಂತ ಕಡಿಮೆ ದರದ ಸೀಮೆಸುಣ್ಣ ತಂದು ಎದೆಯುಬ್ಬಿಸಿ ನಿಂತೆ. ಅದು ಬರೆಯುತ್ತಿರಲಿಲ್ಲ, ಗೀರುತ್ತಿತ್ತು. ಲೆಕ್ಕದ ಮೇಷ್ಟರು ಸ್ಟೋರಿಗೇ ಬಂದು ನನ್ನ ಮೇಜಿನ ಮೇಲೆ ಒಂದು ಪೆಟ್ಟಿಗೆ ಇಟ್ಟು, “ನಾರಾಯಣಪ್ಪ, ಇದನ್ನ ನಿಮ್ಮನೆ ಗೋಡೆಗೆ ಬಳ್ಕೊಳಪ್ಪ, ಬೋರ್ಡಿಗೆ ಹತ್ತಲ್ಲ” ಎಂದರು. ಒಂದು ವರ್ಷದ ಸೀಮೆಸುಣ್ಣ ಮಳೆನೀರಲ್ಲಿ ನೆನೆದು ಹಿಟ್ಟಾಯಿತು. ಕಡಿಮೆ ದರ ಎನ್ನುವುದು ಕೊಳ್ಳುವ ದಿನದ ಮಾತು, ಬಾಳಿಕೆ ಎನ್ನುವುದು ಆಮೇಲಿನ ಎಲ್ಲಾ ದಿನಗಳ ಮಾತು. ಇದು ಗೊತ್ತಾಗಲು ನನಗೆ ಆ ಹಿಟ್ಟನ್ನು ಗುಡಿಸಬೇಕಾಯಿತು.

ನನ್ನ ಮೇಲಿದ್ದವರು ಸೂಪರಿಂಟೆಂಡೆಂಟ್ ರುದ್ರಪ್ಪನವರು. ಒಳ್ಳೆಯ ಮನುಷ್ಯರು. ಊಟದ ಡಬ್ಬಿ ಬಿಚ್ಚಿದರೆ ನನಗೂ ಒಂದು ತುತ್ತು ಎತ್ತಿಡುತ್ತಿದ್ದರು. ಆದರೆ ಅವರಿಗೆ ಹಳೆಯ ವಸ್ತು ಕಂಡರೆ ಆಗದು. ಸ್ಟಾಕ್ ವೆರಿಫಿಕೇಶನ್ ಎಂದರೆ ವರ್ಷಕ್ಕೊಮ್ಮೆ ಇರುವ ಸಾಮಾನುಗಳನ್ನೆಲ್ಲ ನೋಡಿ ಎಣಿಸುವ ಕೆಲಸ. ಅದು ಮಾರ್ಚಿನಲ್ಲಿ, ಪರೀಕ್ಷೆ ಹತ್ತಿರ ಬಂದು ಬಿಸಿಲು ಏರಿದಾಗ. ನಾವು ಕೋಣೆ ಕೋಣೆಗೆ ಹೋಗುತ್ತಿದ್ದೆವು. ರುದ್ರಪ್ಪನವರು ಬೆಂಚಿನ ತುದಿಗೆ ಕೈಯಿಟ್ಟು ತಳ್ಳುತ್ತಿದ್ದರು. ಅಲ್ಲಾಡಿದರೆ, “ಹಾಕಯ್ಯ ಕಂಡಮ್” ಎನ್ನುತ್ತಿದ್ದರು. ನಾನು ಬಿಳಿ ಬಣ್ಣದಿಂದ ಬೆಂಚಿನ ಬೆನ್ನಿಗೆ ದೊಡ್ಡದಾಗಿ ಕತ್ತರಿ ಗುರುತು ಹಾಕುತ್ತಿದ್ದೆ.

ಈಗ ಆ ಬೆಂಚಿನ ವಿಷಯ ಸ್ವಲ್ಪ ಹೇಳಬೇಕು. ಅಣ್ಣ ಮಾಡಿದ ಬೆಂಚಿನ ಕಾಲಿಗೆ ಮೊಳೆ ಇರಲಿಲ್ಲ. ಹಲಗೆಯಲ್ಲಿ ತೂತು ಕೊರೆದು, ಕಾಲಿನ ತುದಿಯನ್ನು ಅದರೊಳಗೆ ಕೂರಿಸಿ, ಮೇಲಿನಿಂದ ಮರದ ಬೆಣೆ ಹೊಡೆದು ಬಿಗಿ ಮಾಡುತ್ತಿದ್ದ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಬೆಣೆ ಸಡಿಲವಾಗುತ್ತದೆ, ಬೆಂಚು ಅಲ್ಲಾಡುತ್ತದೆ. ಮಳೆ ಬಿದ್ದು ಗಾಳಿ ತಂಪಾದರೆ ಮರ ಹಿಗ್ಗಿ ತಾನೇ ಬಿಗಿಯಾಗುತ್ತದೆ. ಅಂದರೆ ನಾವು ಬೆಂಚನ್ನು ಪರೀಕ್ಷೆ ಮಾಡುತ್ತಿದ್ದದ್ದು ಅದು ವರ್ಷದಲ್ಲೇ ಅತಿ ಸಡಿಲವಾಗಿರುವ ತಿಂಗಳಲ್ಲಿ.

ಇದು ನನಗೆ ಗೊತ್ತಿರಲಿಲ್ಲ ಎಂದರೆ ಕ್ಷಮೆ ಇರುತ್ತಿತ್ತು. ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಅಣ್ಣ ಹೇಳಿದ್ದ: “ಲೇ ನಾಣಿ, ಬೇಸ್ಗೇಲಿ ಬೆಂಚು ಕುಣಿಯತ್ತೆ ಕಣ್ಲಾ. ಹೆದರ್ಕೊಂಡು ಮೊಳೆಗಿಳೆ ಹೊಡ್ದೀಯ. ಬೆಣೆಗೆ ಕೊಡತೀಲಿ ಒಂದೇಟು ಕೊಡು, ಸಾಕು.” ಕೊಡತಿ ಎಂದರೆ ಮರದ ಸುತ್ತಿಗೆ. ಅವನು ಒಂದನ್ನು ನನಗೆ ಮಾಡಿಕೊಟ್ಟೂ ಇದ್ದ. ಅದು ನನ್ನ ಬೀರುವಿನಲ್ಲಿ ಫೈಲು ಹಾರದಂತೆ ಇಡುವ ಭಾರವಾಗಿ ಕೂತಿತ್ತು. ರುದ್ರಪ್ಪನವರಿಗೆ ಎದುರು ಹೇಳುವುದಕ್ಕಿಂತ ಕತ್ತರಿ ಗುರುತು ಹಾಕುವುದು ಸುಲಭವಾಗಿತ್ತು. ಆ ಬೆಂಚುಗಳನ್ನು ಗುಜರಿಯವನು ಒಯ್ದು ಇಟ್ಟಿಗೆ ಗೂಡಿಗೆ ಸೌದೆಯಾಗಿ ಕೊಟ್ಟ. ಹೊನ್ನೆ ಮರ ಉರಿದರೆ ಎಷ್ಟು ಹೊತ್ತು ಕೆಂಡ ನಿಲ್ಲುತ್ತದೆ ಎಂದು ಅವನೇ ನನಗೆ ಹೊಗಳಿ ಹೇಳಿದ್ದ.

ಅವುಗಳ ಜಾಗಕ್ಕೆ ಹೊಳೆಯುವ ಡೆಸ್ಕುಗಳು ಬಂದವು. ಮೇಲೆ ಹಾಳೆ ಅಂಟಿಸಿದ, ಒಳಗೆ ಮರದ ಹೊಟ್ಟು ಒತ್ತಿದ ಹಲಗೆ. ಆಡಳಿತ ಮಂಡಳಿಯವರು ಬಂದು ಮುಟ್ಟಿ ಮುಟ್ಟಿ ನೋಡಿದರು. ಆ ವರ್ಷದ ಮಳೆಗೆ ಮೇಲ್ಛಾವಣಿ ಸೋರಿ, ಡೆಸ್ಕಿನ ಅಂಚು ಹಪ್ಪಳದ ಹಾಗೆ ಉಬ್ಬಿತು. ಹುಡುಗರು ಕೂತ ಕೂತಲ್ಲೇ ಅದನ್ನು ಚೂರು ಚೂರಾಗಿ ಕಿತ್ತರು. ಅದನ್ನು ರಿಪೇರಿ ಮಾಡಲು ಯಾವ ಬಡಗಿಯೂ ಒಪ್ಪಲಿಲ್ಲ. “ಇದ್ರಲ್ಲಿ ಮರ ಎಲ್ಲೈತೆ ಸಾರ್, ಮೊಳೆ ಹಿಡಿಯಕ್ಕೆ?” ಎಂದು ಒಬ್ಬ ಕೇಳಿದ.

ನನ್ನ ಇನ್ನೊಂದು ತಪ್ಪು ನೆನಪಾದರೆ ಈಗಲೂ ನಗು ಬರುತ್ತದೆ. ಪರಿಸರ ದಿನಕ್ಕೆ ದೊಡ್ಡ ಕಾರ್ಯಕ್ರಮ. ಎಲ್ಲಾ ವ್ಯವಸ್ಥೆ ನನ್ನದು. ಪ್ಲಾಸ್ಟಿಕ್ ಬಿಡಿ ಎಂದು ದಪ್ಪ ಅಕ್ಷರದಲ್ಲಿ ಫ್ಲೆಕ್ಸ್ ಮಾಡಿಸಿದೆ. ವೇದಿಕೆ ಮೇಲೆ ಸಾಲಾಗಿ ಪ್ಲಾಸ್ಟಿಕ್ ನೀರಿನ ಬಾಟಲಿ ಇಟ್ಟೆ. ಮುಖ್ಯ ಅತಿಥಿಗಳಿಗೆ ಕೊಟ್ಟ ಗಿಡವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಸಿದ್ದೆ, ಚೆನ್ನಾಗಿ ಕಾಣಲಿ ಎಂದು. ಆಗ ತಾನೇ ಬಂದಿದ್ದ ಹೊಸ ಪ್ರಿನ್ಸಿಪಾಲ್ ಮೇಡಂ ಭಾಷಣಕ್ಕೆ ಎದ್ದು ಹಿಂದೆ ಫ್ಲೆಕ್ಸ್ ನೋಡಿದರು, ಮುಂದೆ ಬಾಟಲಿ ನೋಡಿದರು, ಆಮೇಲೆ ಕೆಳಗೆ ನಿಂತಿದ್ದ ನನ್ನನ್ನು ನೋಡಿದರು. ಬೈಯಲಿಲ್ಲ. ಮಾರನೆಯ ದಿನ ಕರೆಸಿದರು.

“ನಾರಾಯಣಪ್ಪನವ್ರೇ, ಆ ಫ್ಲೆಕ್ಸ್ ಈಗ ಎಲ್ಲಿದೆ?”

“ಸ್ಟೋರಲ್ಲಿ ಮಡಚಿಟ್ಟಿದೀನಿ ಮೇಡಂ.”

“ಮುಂದಿನ ವರ್ಷಕ್ಕೆ ಬರುತ್ತಾ?”

“ಇಲ್ಲ ಮೇಡಂ. ವರ್ಷ, ತಾರೀಕು ಹಾಕ್ಬಿಟ್ಟಿದೀವಿ.”

“ಮತ್ತೆ ಅದನ್ನ ಏನ್ ಮಾಡ್ತೀರಾ?”

ಸ್ಟೋರಿನ ಕೆಲಸದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ತರುವುದು ನಮ್ಮ ಕೆಲಸ, ಹೋಗುವುದು ಗುಜರಿಯವನ ಕೆಲಸ ಎಂದುಕೊಂಡಿದ್ದೆವು.

ಆಮೇಲೆ ಕೊಳ್ಳುವ ಕ್ರಮವೇ ಬದಲಾಯಿತು. ಯಾವ ವಿಭಾಗ ಏನು ಬೇಕೆಂದು ಬರೆದರೂ ಮೇಡಂ ಮೊದಲು ಕೇಳುತ್ತಿದ್ದರು: ಇದು ನಿಜವಾಗಿ ಬೇಕಾ, ಇರುವುದನ್ನು ರಿಪೇರಿ ಮಾಡಬಹುದಾ, ಕೊಂಡರೆ ಎಷ್ಟು ದಿನ ಬಾಳುತ್ತದೆ, ಬಾಳಿಕೆ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ. ದರ ಆಮೇಲೆ. ತಾರೀಕಿಲ್ಲದ ಬಟ್ಟೆಯ ಬ್ಯಾನರನ್ನು ನಮ್ಮ ದೊಡ್ಡಬಳ್ಳಾಪುರದ ಮಗ್ಗದವರಿಂದಲೇ ನೇಯಿಸಿ ಬರೆಸಿದೆವು. ಸ್ಟೀಲ್ ಲೋಟ ಬಂತು. ಲೋಟ ತೊಳೆಯುವವರು ಯಾರು ಎಂದು ಜಗಳ ಬಂತು, ಅದೂ ತೀರಿತು. ಕೆಲವು ಕಡೆ ಮೇಡಂ ಸಹ ಎಡವಿದರು. ಸೆಣಬಿನ ಫೈಲು ತರಿಸಿದಾಗ ಇಲಿ ತಿಂದವು. “ಇಲಿಗಳಿಗೆ ಪರಿಸರ ಪ್ರಜ್ಞೆ ಜಾಸ್ತಿ” ಎಂದು ಅವರೇ ನಕ್ಕರು.

ಇನ್ನು ಉಳಿದದ್ದು ಬೆಂಚು. ಹೊಟ್ಟಿನ ಡೆಸ್ಕುಗಳು ಹಾಳಾಗಿ, ಹೊಸದಕ್ಕೆ ಬೇಡಿಕೆ ಬಂದಿತ್ತು. ಮೇಡಂ ಹಿಂದಿನ ಕಟ್ಟಡದಲ್ಲಿ ಉಳಿದಿದ್ದ ಹಳೆಯ ಬೆಂಚುಗಳನ್ನು ನೋಡಲು ಬಂದರು. ಬಗ್ಗಿ ಹಲಗೆಯಡಿ ಕೈಯಾಡಿಸಿದರು.

“ಇದರಲ್ಲಿ ಮೊಳೆನೇ ಇಲ್ವಲ್ಲ. ಯಾರು ಮಾಡಿದ್ದು?”

“ಯಾರೋ ಹಳೇ ಕಾಲದವ್ರು ಮೇಡಂ” ಎಂದೆ. ಯಾಕೆ ಹಾಗೆಂದೆನೋ. ಬಾಯಿ ತಾನೇ ಹೇಳಿತು.

ಜೊತೆಗಿದ್ದ ಜವಾನ ಬಿಡಲಿಲ್ಲ. “ಯಾರೋ ಅಂತೀರಲ್ಲ ಅಣ್ಣ! ಇವ್ರಣ್ಣಾರೇ ಮೇಡಂ ಮಾಡಿದ್ದು.”

ಮೇಡಂ ನನ್ನ ಮುಖ ನೋಡಿ, “ಕರ್ಕೊಂಡು ಬನ್ನಿ ಅವರನ್ನ” ಎಂದರು.

ಅಣ್ಣನ ಅಂದಿನ ಸ್ಥಿತಿ ಹೇಳುತ್ತೇನೆ. ಆಚಾರಿಯ ಅಂಗಡಿ ಮುಚ್ಚಿದ ಮೇಲೆ ಅವನು ದಾಬಸ್‌ಪೇಟೆ ಕಡೆ ಸಾಮಾನು ತುಂಬುವ ಮರದ ಪೆಟ್ಟಿಗೆ ಮಾಡುವ ಒಂದು ಶೆಡ್ಡಿಗೆ ಹೋಗುತ್ತಿದ್ದ. ಅಲ್ಲಿ ಯಂತ್ರಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದವು. ವಾಸಿಯಾದ ಮೇಲೂ ಅವನು ಉಳಿ ಮುಟ್ಟಿರಲಿಲ್ಲ. ಸಾಮಾನಿನ ಚೀಲವನ್ನು ಗೋಡೆಯ ಗೂಟಕ್ಕೆ ತೂಗುಹಾಕಿ, ಕೆಳಗೆ ಕೂತು ಬೀಡಿ ಸೇದುತ್ತಿದ್ದ. ಕಾಲೇಜಿನವರು ಕರೆಯುತ್ತಿದ್ದಾರೆ ಎಂದು ನಾನು ಹೋಗಿ ಹೇಳಿ ಬಂದೆ. ಅತ್ತಿಗೆ ಮಾರನೆಯ ದಿನ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಮೆಲ್ಲಗೆ, “ಬೆಳಿಗ್ಗೆಯಿಂದ ಉಳಿ ಮಸೀತಾ ಕೂತವ್ರೆ ಕಣಪ್ಪ. ಹೆಂಗಾದ್ರೂ ಮಾಡಿ ಈ ಕೆಲ್ಸ ಆಗಂಗೆ ನೋಡು. ಇಲ್ದಿದ್ರೆ ಬಾಶೆಟ್ಟಿಹಳ್ಳೀಲಿ ಯಾವ್ದೋ ಫ್ಯಾಕ್ಟ್ರಿ ಗೇಟ್ ಕಾಯಕ್ಕೆ ಹೋಯ್ತೀನಿ ಅಂತವ್ರೆ” ಎಂದಳು. ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ಅದೇ ಮೊದಲು, ಅದೇ ಕೊನೆ.

ಖರೀದಿ ಸಮಿತಿಯ ಸಭೆಯ ದಿನ ಅಣ್ಣ ಒಗೆದ ಬಿಳಿ ಶರ್ಟು ಹಾಕಿಕೊಂಡು, ಸಾಮಾನಿನ ಚೀಲ ಹೆಗಲಿಗೇರಿಸಿ ಬಂದ. ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ಹೋದೆ. ಅವನು ಕೂತದ್ದೂ ಅವನದೇ ಬೆಂಚು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಸಭೆಯಲ್ಲಿ ಮೇಡಂ ವಿಷಯ ಇಟ್ಟರು. ಹೊಸ ಡೆಸ್ಕು ಬೇಡ, ಹಳೆಯ ಬೆಂಚನ್ನೇ ಸರಿ ಮಾಡಿಸೋಣ, ಮಾಡಿದವರೇ ಸಿಕ್ಕಿದ್ದಾರೆ ಎಂದರು. ವಾಣಿಜ್ಯ ವಿಭಾಗದ ಮೇಷ್ಟರೊಬ್ಬರು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

“ಏನ್ ನಾರಾಯಣಪ್ಪ, ಅಣ್ಣ ರಿಪೇರಿಗೆ, ತಮ್ಮ ಸ್ಟೋರಿಗೆ. ಫ್ಯಾಮಿಲಿ ಬಿಸಿನೆಸ್ಸಾ?”

ಎಲ್ಲರೂ ನಕ್ಕರು. ಅದು ಬರೀ ತಮಾಷೆ. ಆ ಮೇಷ್ಟರು ಮರುಗಳಿಗೆಗೆ ಅದನ್ನು ಮರೆತಿರಬೇಕು. ಆದರೆ ಸ್ಟೋರಿನವನು ಎಂದರೆ ಜನ ಮೊದಲು ಅನುಮಾನಿಸುವುದು ಅವನ ಕೈಯನ್ನು. ಇಷ್ಟು ವರ್ಷ ಯಾರೂ ಬೆರಳು ತೋರಿಸದ ಹಾಗೆ ಇದ್ದೆ. ನಾನು ಎದ್ದು ನಿಂತೆ.

“ಅಂಥದ್ದೇನಿಲ್ಲ ಸಾರ್. ನಾನು ಅವನಿಗೆ ಕೊಡಿ ಅಂತಾನೂ ಹೇಳ್ತಿಲ್ಲ. ನಿಜ ಹೇಳ್ಬೇಕು ಅಂದ್ರೆ, ಅವನ ಕೈ ಕಂಡಮ್ ಆಗಿದೆ. ಹೊರಗಿನವರಿಗೇ ಕೊಡಿ.”

ಮತ್ತೆ ನಕ್ಕರು, ಆ ಮಾತಿಗೆ. ಮೇಡಂ ಮಾತ್ರ ನಗಲಿಲ್ಲ. “ಅವರನ್ನೇ ಒಂದು ಮಾತು ಕೇಳೋಣ” ಎಂದರು. ನಾನು ಹೊರಗೆ ಬಂದಾಗ ಬೆಂಚು ಖಾಲಿಯಾಗಿತ್ತು. ಗೇಟಿನ ಹತ್ತಿರ ಬಿಳಿ ಶರ್ಟು ಹೋಗುತ್ತಿತ್ತು. ಚೀಲ ಹೆಗಲ ಮೇಲಿರಲಿಲ್ಲ, ಕೈಯಲ್ಲಿತ್ತು, ಆ ಎಡಗೈಯಲ್ಲೇ. ಒಳಗೆ ಹೋಗಿ, “ಅವನಿಗೆ ಏನೋ ಕೆಲಸ ಇತ್ತಂತೆ ಮೇಡಂ” ಎಂದೆ.

ಹೊಸದಾಗಿ ಕೆಲಸಕ್ಕೆ ಬರುವವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕೆಲಸ ಕೇಳಿ ಬಂದವನು ನಿಮ್ಮ ನೆಂಟನಾಗಿದ್ದರೆ ಹಾಗೆಂದು ಬಾಯಿಬಿಟ್ಟು ಹೇಳಿ, ಆಮೇಲೆ ಎದ್ದು ಹೊರಗೆ ಹೋಗಿ ಕೂತುಕೊಳ್ಳಿ. ತೀರ್ಮಾನ ಉಳಿದವರು ಮಾಡಲಿ. ಅಷ್ಟೇ ನಿಯಮ. ನನ್ನ ಕೈ ಶುದ್ಧ ಎಂದು ತೋರಿಸಲು ನಾನು ಅವನ ಕೈಯನ್ನು ಕಂಡಮ್ ಮಾಡಿದೆ. ಯಾವ ನಿಯಮವೂ ಅದನ್ನು ಕೇಳಿರಲಿಲ್ಲ.

ಕೆಲಸ ಒಬ್ಬ ಕಂಟ್ರಾಕ್ಟರನಿಗೆ ಹೋಯಿತು. ಅವನ ಹುಡುಗರು ಬೆಣೆ ಕಿತ್ತೆಸೆದು ಕಬ್ಬಿಣದ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ಮಳೆಗಾಲ ಬಂತು. ಮರ ಹಿಗ್ಗಿತು, ಕಬ್ಬಿಣ ಹಿಗ್ಗಲಿಲ್ಲ. ಕೆಲವು ಹಲಗೆಗಳು ಸ್ಕ್ರೂ ಇದ್ದ ಕಡೆ ಸೀಳಿದವು. ಆಗ ನಾನು ಮೇಡಂ ಬಳಿ ಹೋಗಿ ಬೇಸಿಗೆಯ ಬೆಣೆಯ ಕಥೆಯನ್ನು, ರುದ್ರಪ್ಪನವರ ಕಾಲದ ಕತ್ತರಿ ಗುರುತನ್ನು ಹೇಳಿದೆ. ಅಣ್ಣ ಯಾಕೆ ಎದ್ದು ಹೋದ ಎಂಬುದನ್ನು ಮಾತ್ರ ಹೇಳಲಿಲ್ಲ. ಅವರು ಕೇಳಿ, ಮರದ ಸಾಮಾನಿನ ವೆರಿಫಿಕೇಶನನ್ನು ಮಾರ್ಚಿನಿಂದ ತೆಗೆದು ಮಳೆ ನಿಂತ ಮೇಲಕ್ಕೆ ಹಾಕಿದರು. ಉಳಿದ ಬೆಂಚುಗಳು ಅದರಿಂದ ಉಳಿದವು. ಇಂದಿಗೂ ಅದೇ ಕ್ರಮ ನಡೆಯುತ್ತಿದೆ. ಅದನ್ನು ತಂದವನು ನಾರಾಯಣಪ್ಪ ಎಂದು ಕಾಲೇಜಿನಲ್ಲಿ ಹೇಳುತ್ತಾರೆ. ಕೇಳಿದಾಗಲೆಲ್ಲ ತಲೆ ತಗ್ಗಿಸುತ್ತೇನೆ. ವಿನಯ ಎಂದುಕೊಳ್ಳುತ್ತಾರೆ.

ಅಣ್ಣ ಬಾಶೆಟ್ಟಿಹಳ್ಳಿಯ ಗೇಟಿಗೆ ಹೋದ. ನೀಲಿ ಸಮವಸ್ತ್ರ, ಕೈಯಲ್ಲಿ ಸೀಟಿ. ಹಬ್ಬಕ್ಕೆ, ಮದುವೆಗೆ ಸಿಗುತ್ತಿದ್ದ. “ಚೆನ್ನಾಗಿದೀಯಾ?” ಎಂದರೆ “ಊಂ” ಎನ್ನುತ್ತಿದ್ದ. ಲೇ ನಾಣಿ ಎಂದು ಕರೆಯುವುದನ್ನು ಬಿಟ್ಟಿದ್ದ. ನಾಲ್ಕು ಜನರ ಮುಂದೆ ಹಾಗೆ ಕರೆದರೆ ಒಂದು ಕಾಲದಲ್ಲಿ ನನಗೆ ಅವಮಾನವಾಗುತ್ತಿತ್ತು. ಈಗ ಅದೊಂದು ಮಾತಿಗೆ ಕಾಯುವಂತಾಯಿತು.

ನಾನು ನಿವೃತ್ತನಾದಾಗ ಬೀಳ್ಕೊಡುಗೆಗೆ ಏನು ಬೇಕು ಎಂದು ಮೇಡಂ ಕೇಳಿದರು. ಗುಜರಿಯವನ ಕೈಗೂ ಕಂಟ್ರಾಕ್ಟರನ ಕೈಗೂ ಸಿಗದೆ ಮೂಲೆಯಲ್ಲಿ ಉಳಿದಿದ್ದ ಒಂದು ಬೆಂಚು ಕೇಳಿದೆ. ಅದರ ಬೆನ್ನ ಮೇಲೆ ನಾನೇ ಹಾಕಿದ್ದ ಕತ್ತರಿ ಗುರುತು ಮಾಸಿತ್ತು, ಆದರೆ ಇತ್ತು. ಸಮಿತಿ ಒಪ್ಪಿ ಕೊಟ್ಟಿತು. ಅಂದೇ ಮೇಡಂ ಒಬ್ಬರೇ ಇದ್ದಾಗ ಆ ಸಭೆಯ ದಿನ ಆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು, “ಇದನ್ನ ನನಗಲ್ಲ ನೀವು ಹೇಳ್ಬೇಕಾದ್ದು” ಎಂದರು.

ಬೆಂಚನ್ನು ಗೂಡ್ಸ್ ಆಟೋಗೆ ಹಾಕಿಕೊಂಡು ಅಣ್ಣನ ಮನೆಗೆ ಹೋದೆ. ಬೇಸಿಗೆ. ಅವನು ಗೇಟಿನ ಕೆಲಸ ಬಿಟ್ಟು ಮನೆಯಲ್ಲೇ ಇದ್ದ. ಹುಣಸೆ ಮರದ ನೆರಳಲ್ಲಿ ಬೆಂಚು ಇಳಿಸಿದೆ. ಅವನು ಸುತ್ತ ಒಂದು ಸಲ ಬಂದ. ತುದಿಗೆ ಕೈಯಿಟ್ಟು ತಳ್ಳಿದ, ರುದ್ರಪ್ಪನವರ ಹಾಗೆಯೇ. ಬೆಂಚು ಅಲ್ಲಾಡಿತು. ಕತ್ತರಿ ಗುರುತಿನ ಮೇಲೆ ಬೆರಳಾಡಿಸಿದ.

“ಏನ್ ಸ್ಟೋರ್‌ಕೀಪರ್ ಸಾಹೇಬ್ರೇ, ಇದೂ ಕಂಡಮ್ಮಾ?”

‘ಇದೂ’ ಎಂದ. ಅಷ್ಟರಲ್ಲೇ ಎಲ್ಲಾ ಇತ್ತು.

“ಅಣ್ಣ, ಅವತ್ತು ನಾನು...” ಎಂದು ಶುರು ಮಾಡಿದೆ.

“ಕೇಳಿಸ್ತು ಅವತ್ತೇ. ಕಿವಿ ಚೆನ್ನಾಗೈತೆ ನಂದು, ಕೈ ತಾನೆ ಹೋಗಿರಾದು” ಎಂದು ಒಳಗೆ ತಿರುಗಿ, “ಏ, ಆ ಚೀಲ ಎತ್ಕೊಡಮ್ಮಿ” ಎಂದು ಅತ್ತಿಗೆಯನ್ನು ಕೂಗಿದ.

ಅತ್ತಿಗೆ ಚೀಲ ತಂದು ಅವನ ಮುಂದಿಟ್ಟು, ನನ್ನ ಕಡೆ ನೋಡದೆ ಒಳಗೆ ಹೋದಳು. ಉಳಿಗಳಿಗೆ ತುಕ್ಕು ಹಿಡಿದಿತ್ತು. ಅಣ್ಣ ಹೊಸ ಬೆಣೆ ಕೆತ್ತಲು ಕೂತ. ಆಗ ನಾನು ನೋಡಿದೆ, ಅವನ ಕೈ ನಿಜವಾಗಿಯೂ ಮೊದಲಿನಂತಿರಲಿಲ್ಲ. ಉಳಿದ ಬೆರಳುಗಳಿಗೆ ಬೆಣೆಯ ಹಿಡಿತ ಸಿಗುತ್ತಿರಲಿಲ್ಲ. ಎರಡು ಸಲ ಜಾರಿ ಬಿತ್ತು. ನಾನು ಸಭೆಯಲ್ಲಿ ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ, ಅದಕ್ಕೇ ಅದು ಅಷ್ಟು ಕೆಟ್ಟದ್ದಾಗಿತ್ತು. ಪಕ್ಕದಲ್ಲಿ ಬೆಣೆ ಹಿಡಿಯಲು ಇನ್ನೊಂದು ಕೈ ಇದ್ದರೆ ಅವನು ಆ ಕೆಲಸವನ್ನೆಲ್ಲ ಮಾಡಿ ಮುಗಿಸುತ್ತಿದ್ದ. ನನಗೆ ಎರಡು ಕೈ ಇದ್ದವು.

“ನೋಡ್ತಾ ನಿಂತ್ಕಂಡ್ರೆ ಆಯ್ತದಾ? ಹಿಡ್ಕಳ್ಲಾ ಬೆಣೇನ.”

ಹಿಡಿದೆ. ಅವನು ಕೊಡತಿ ಎತ್ತಿದ. ಮೊದಲ ಏಟು ನೇರ ನನ್ನ ಹೆಬ್ಬೆರಳಿಗೆ ಬಿತ್ತು. ಜೀವ ಹೋದಂತಾಗಿ ಕೂಗಿಕೊಂಡೆ. ಅಣ್ಣ ಕೊಡತಿ ಕೆಳಗಿಟ್ಟು ನನ್ನ ಬೆರಳು ಹಿಡಿದು ತಿರುಗಿಸಿ ನೋಡಿದ. ಅವನ ಮುಖ ಬಿಗಿದುಕೊಂಡಿತ್ತು, ಆಮೇಲೆ ತಡೆಯಲಾಗದೆ ನಕ್ಕ.

“ಬೇಕಂತ ಹೊಡ್ದೆ ಅನ್ಕಬ್ಯಾಡ ಕಣ್ಲಾ ನಾಣಿ.”

ನಾನು ಹಾಗೆ ಅಂದುಕೊಳ್ಳಲಿಲ್ಲ. ಅಂದುಕೊಂಡಿದ್ದರೂ ನನಗೇನೂ ತಕರಾರಿರಲಿಲ್ಲ. ಬೆಣೆಯನ್ನು ಮತ್ತೆ ಹಿಡಿದೆ. ಈ ಸಲ ಏಟು ಸರಿಯಾಗಿ ಬಿತ್ತು. ಅವನು ಬೆಂಚಿನ ಮೇಲೆ ಕೂತು, ಸೊಂಟ ಆ ಕಡೆ ಈ ಕಡೆ ಮಾಡಿ ನೋಡಿದ. ಅಲ್ಲಾಡಲಿಲ್ಲ.

ಕಾಲೇಜಿಗೆ ಬರುತ್ತೀಯಾ, ಮೇಡಂ ಈಗಲೂ ಕೇಳುತ್ತಾರೆ ಎಂದೆ. ಅಡ್ಡಡ್ಡ ತಲೆಯಾಡಿಸಿದ. “ನಾನ್ ಅಲ್ಲೀಗ್ ಬರಾಕಿಲ್ಲ. ಬೇಕಿದ್ರೆ ಬೆಂಚು ಇಲ್ಲೀಗ್ ಬರ್ಲಿ” ಎಂದ. ಅದನ್ನೇ ಮೇಡಂಗೆ ಹೇಳಿದೆ. ನಾನೀಗ ಸ್ಟೋರಿನವನಲ್ಲ, ಆದ್ದರಿಂದ ತೀರ್ಮಾನ ಅವರದು. ಸೀಳಿದ ಬೆಂಚುಗಳಲ್ಲಿ ಎರಡನ್ನು ಮೊದಲು ಕಳಿಸಿ ನೋಡುತ್ತೇವೆ ಎಂದಿದ್ದಾರೆ.

ನನ್ನ ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಅದು ತಾನಾಗಿ ಉದುರಿ ಕೆಳಗಿನಿಂದ ಹೊಸದು ಬರುತ್ತದಂತೆ. ಅಲ್ಲಿಯವರೆಗೆ ಬೆಣೆಯನ್ನು ಎಡಗೈಯಲ್ಲಿ ಹಿಡಿ ಎಂದು ಅಣ್ಣ ಹೇಳಿದ್ದಾನೆ.